ಎದ್ದು ಹೋದ ಕಾರಣ

ನನ್ನ ಪುಸ್ತಕದಲ್ಲಿ ಎರಡು ಕಾಲಂಗಳಿದ್ದವು. ಒಂದರಲ್ಲಿ ಯಾರು ಎಷ್ಟು ಸಲ ಎದ್ದರು ಎಂಬ ಲೆಕ್ಕ, ಇನ್ನೊಂದರಲ್ಲಿ ಏಕೆ ಎದ್ದರು ಎಂಬುದು. ಎರಡನೆಯದನ್ನು ವರದಿಯಿಂದ ಅಳಿಸಿದವಳು ನಾನೇ. ಬೇರೆಯವರ ಮೇಲೆ ಸಿಟ್ಟು ಮಾಡುವ ಮೊದಲು ಇದನ್ನು ಬರೆದಿಡಬೇಕು.

ಮೂಡುಬಿದಿರೆಯ ನಮ್ಮ ಕಾಲೇಜಿಗೂ ಬಂಟ್ವಾಳದ ಒಂದು ಗೋಡಂಬಿ ಕಾರ್ಖಾನೆಗೂ ಒಪ್ಪಂದವಾಗಿತ್ತು. ಪದವಿ ಮುಗಿಸಿದವರು ಆರು ತಿಂಗಳು ಕಂಪನಿಯ ಪ್ರಾಜೆಕ್ಟಿನಲ್ಲಿ ದುಡಿಯಬೇಕು, ಕಾಲೇಜಿನ ಗೈಡ್ ನೋಡಿಕೊಳ್ಳುತ್ತಾರೆ, ಕೊನೆಗೆ ಇಬ್ಬರ ಸಹಿಯೂ ಇರುವ ಪ್ರಮಾಣಪತ್ರ. ನನಗೆ ಸಿಕ್ಕಿದ್ದು ಗ್ರೇಡಿಂಗ್ ವಿಭಾಗ. ಅಲ್ಲಿ ನಲವತ್ತೊಂದು ಹೆಂಗಸರು ಉದ್ದ ಮೇಜುಗಳ ಮುಂದೆ ಕೂತು ಇಡೀ ಬೀಜ, ಸೀಳು, ಚೂರು ಎಂದು ಬೇರೆ ಮಾಡುತ್ತಾರೆ. ಕೆಲಸ ಎಲ್ಲಿ ನಿಧಾನವಾಗುತ್ತದೆ ಎಂದು ನಾನು ಹುಡುಕಬೇಕಿತ್ತು.

ಗುರುವಾಯನಕೆರೆಯಲ್ಲಿ ನಾನು ಹತ್ತುವ ಬಸ್ಸಿಗೇ ಮಡಂತ್ಯಾರಿನಲ್ಲಿ ಒಬ್ಬ ಅಕ್ಕ ಹತ್ತುತ್ತಿದ್ದರು. ಎರಡನೇ ಮೇಜಿನವರು. ಸಕ್ಕರೆ ಕಾಯಿಲೆಯವರಾದ್ದರಿಂದ ಚೀಲದಲ್ಲಿ ಒಂದು ಲೀಟರಿನ ನೀರಿನ ಬಾಟಲಿ ತರುತ್ತಿದ್ದರು. ಸಂಜೆ ಅದು ಖಾಲಿಯಾಗಿ ವಾಪಸಾಗುತ್ತಿತ್ತು.

ಮೊದಲ ವಾರ ನಾನು ಪೆನ್ನು ಹಿಡಿದು ನಿಂತರೆ ಎಲ್ಲರಿಗೂ ನಗು.

"ಎಂತ ಟೀಚರೇ, ನಾವು ಒಂದಕ್ಕೆ ಹೋಗುದಕ್ಕೂ ಹಾಜರಿಯಾ?" ಎಂದು ಒಬ್ಬಳು ಕೇಳಿದಳು.

"ಬರೀಲಿ ಬಿಡು. ಕಾಲೇಜಿನವರಿಗೆ ಓದ್ಲಿಕ್ಕೆ ಬೇರೆ ಎಂತ ಉಂಟು?" ಎಂದರು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಆದ್ರೆ ಸರಿ ಬರಿ ಮಗಾ. ಮಾತಾಡ್ಲಿಕ್ಕೆ, ಪಟ್ಟಾಂಗಕ್ಕೆ ಎದ್ದದ್ದು ಅಂತ ಬರೀಬೇಡ."

ಸರಿಯಾಗಿಯೇ ಬರೆದೆ. ಹದಿನೆಂಟು ದಿನ ಬರೆದೆ. ಅಕ್ಕ ಎದ್ದದ್ದು ನೂರ ಎಂಟು ಸಲ, ದಿನಕ್ಕೆ ಆರು. ಶೌಚಾಲಯ ಇದ್ದದ್ದು ಬಾಯ್ಲರಿನ ಹಿಂದೆ. ಅವರ ಸ್ಟೂಲಿನಿಂದ ಇನ್ನೂರ ಹದಿನಾಲ್ಕು ಹೆಜ್ಜೆ. ಮೂರು ಸಲ ನಡೆದು ಎಣಿಸಿದ್ದೇನೆ. ಹೊತ್ತು ಹೋಗುತ್ತಿದ್ದದ್ದು ಏಳುವುದರಲ್ಲಿ ಅಲ್ಲ, ಆ ನಡಿಗೆಯಲ್ಲಿ. ವಿಭಾಗದ ಪಕ್ಕದಲ್ಲೇ ಒಂದು ಶೌಚಾಲಯ ಕಟ್ಟಿಸಿ ಎಂದು ಮೊದಲ ಸಲಹೆಯಾಗಿ ಬರೆದೆ.

ಗೈಡ್ ಕರಡಿನ ಮೇಲೆ ಗೀಟು ಹಾಕಿದರು. "ಇದು ಕಂಪನಿ ಕೇಳಿದ್ದಲ್ಲ. ಕಾರಣ ಎಲ್ಲ ಬೇಡ, ಸಂಖ್ಯೆ ಮಾತ್ರ ಇಡಿ. ಮುಂದಿನ ಬ್ಯಾಚಿನವರನ್ನೂ ಅವರು ತಗೊಳ್ಬೇಕಲ್ವಾ?"

ಅಳಿಸಿದೆ. ಹದಿನೆಂಟು ದಿನದ ಕೆಲಸಕ್ಕೆ ಐದು ನಿಮಿಷ ಸಾಕಾಯಿತು.

ವರದಿ ಕಂಪನಿಗೆ ಹೋದ ಮರುವಾರದ ಸೋಮವಾರ ಸೂಪರ್‌ವೈಸರ್ ಮೇಜಿನ ಮೇಲೆ ಕೆಂಪು ಪ್ಲಾಸ್ಟಿಕ್ ಟೋಕನ್‌ಗಳ ಡಬ್ಬಿ ಬಂತು. ಏಳಬೇಕಾದರೆ ಅದರಿಂದ ಒಂದು ಟೋಕನ್ ತೆಗೆದುಕೊಳ್ಳಬೇಕು, ಒಬ್ಬರಿಗೆ ದಿನಕ್ಕೆ ಎರಡು. ಗೋಡೆಯ ಮೇಲಿನ ನೋಟಿಸಿನಲ್ಲಿ 'ಕಾಲೇಜಿನ ಅಧ್ಯಯನದ ಆಧಾರದಲ್ಲಿ' ಎಂದಿತ್ತು. ಅಧ್ಯಯನ ನನ್ನದು. ಆ ದಿನ ನನ್ನನ್ನು ಯಾರೂ ಟೀಚರೇ ಎನ್ನಲಿಲ್ಲ.

ಸಂಜೆ ಅಕ್ಕನ ಬಾಟಲಿ ತುಂಬಿದ ಹಾಗೇ ವಾಪಸಾಯಿತು. ಮರುದಿನವೂ. ಒಂಬತ್ತು ದಿನ ನೋಡಿದೆ, ಒಂಬತ್ತೂ ದಿನ ತುಂಬಿತ್ತು. ಹತ್ತನೇ ದಿನ ಬಸ್ಸಿನಲ್ಲಿ ಅವರು ಕಿಬ್ಬೊಟ್ಟೆ ಒತ್ತಿಕೊಂಡು ಕೂತಿದ್ದರು.

"ಎಂತಾಯ್ತು ಅಕ್ಕ?"

"ಉರಿ."

"ನೀರು ಕುಡೀರಿ."

"ಕುಡಿದ್ರೆ ಹೋಗ್ಬೇಕಲ್ಲ. ನಿನ್ನ ಹತ್ರ ಟೋಕನ್ ಉಂಟಾ?"

ಮೂರನೇ ತಿಂಗಳು ಕಾಲೇಜಿನಲ್ಲಿ ವರದಿ ಮಂಡನೆ. ವೇದಿಕೆಯಲ್ಲಿ ಕಾರ್ಖಾನೆಯ ಮ್ಯಾನೇಜರಿಗೆ ಶಾಲು, ಹಣ್ಣಿನ ಬುಟ್ಟಿ. ನಾನು ಎರಡನೇ ಕಾಲಂ ಮತ್ತೆ ಸೇರಿಸಿದ್ದೆ. ಪರದೆಯ ಮೇಲೆ ಅದು ಬಂದಾಗ ಗೈಡ್, "ಮುಂದಿನ ಸ್ಲೈಡ್, ಮುಂದಿನ ಸ್ಲೈಡ್" ಎಂದು ಪಿಸುಗುಟ್ಟಿದರು. ನಾನು ಮುಂದೆ ಹೋಗಲಿಲ್ಲ. ಎಷ್ಟು ಹೆಜ್ಜೆ ಎಂದೂ ಓದಿದೆ, ಅಳಿಸಿದ ಸಲಹೆಯನ್ನೂ ಓದಿದೆ. ಮ್ಯಾನೇಜರ್ ನಕ್ಕರು. "ಒಳ್ಳೆ ಸಲಹೆ. ನೋಡುವ."

ನಮ್ಮ ಕಡೆ 'ನೋಡುವ' ಎಂದರೆ ಮಾತು ಮುಗಿಯಿತು ಎಂದು. ಮರುದಿನ ನನ್ನನ್ನು ಗೋದಾಮಿಗೆ ಹಾಕಿದರು, ಗೋಣಿ ಎಣಿಸಲು. ಕಾಲೇಜಿನ ಹೆಸರು ಹಾಳಾಯಿತು ಎಂದು ಗೈಡ್ ಫೋನು ಮಾಡಿದರು. ಅವರ ಕಾಲೇಜಿನ ಹೆಸರು ಗೋಡೆಯ ಮೇಲಿನ ಟೋಕನ್ ನೋಟಿಸಿನಲ್ಲೂ ಇತ್ತು. ಅದರಿಂದ ಏನೂ ಹಾಳಾಗಿರಲಿಲ್ಲ.

ಸಂಜೆ ಬಸ್ಸಿನಲ್ಲಿ ಅಕ್ಕನಿಗೆ ಎಲ್ಲ ಹೇಳಿ ಪುಸ್ತಕ ಕೊಟ್ಟೆ. ಅವರು ತಮ್ಮ ಸಾಲನ್ನು ಬೆರಳಿಟ್ಟು ಓದಿದರು.

"ಇದನ್ನು ಮೊದಲೇ ಕೊಡ್ಲಿಕ್ಕೆ ಆಗ್ತಿರ್ಲಿಲ್ವಾ, ಮಾರಾಯ್ತಿ?"

ಪುಸ್ತಕವನ್ನು ಚೀಲದಲ್ಲಿ ಬಾಟಲಿಯ ಪಕ್ಕ ಇಟ್ಟುಕೊಂಡರು.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ನಲವತ್ತೊಂದು ಮಂದಿಯೂ ಟೋಕನ್ ಮುಟ್ಟದೆ ಒಟ್ಟಿಗೆ ಎದ್ದು ಮ್ಯಾನೇಜರರ ಕೋಣೆಗೆ ಹೋದರು. ಗೋದಾಮಿನ ಬಾಗಿಲಿನಿಂದ ಕಂಡದ್ದು ಸೀರೆಗಳ ಸಾಲು, ಮುಂದೆ ಅಕ್ಕ, ಅವರ ಕೈಯಲ್ಲಿ ನನ್ನ ಪುಸ್ತಕ. ಸಂಜೆಯೊಳಗೆ ಎರಡು ಟೋಕನ್ ನಾಲ್ಕಾಯಿತು. ಶೌಚಾಲಯ ಬಾಯ್ಲರಿನ ಹಿಂದೆಯೇ ಉಳಿಯಿತು.

ಪುಸ್ತಕ ಅವರಲ್ಲೇ ಇದೆ, ನಾನು ಕೇಳಿಲ್ಲ. ಹೊಸತೊಂದು ತೆಗೆದುಕೊಂಡು ಎರಡು ಕಾಲಂ ಗೀಟು ಹಾಕಿದೆ. ಬುಧವಾರ ಬರೆದದ್ದು ಇಷ್ಟು. ಅಕ್ಕನ ಬಾಟಲಿ: ಅರ್ಧ. ಕಾರಣ: ಟೋಕನ್ ನಾಲ್ಕು, ಹೆಜ್ಜೆ ಇನ್ನೂರ ಹದಿನಾಲ್ಕು.