ಎಣ್ಣೆ ಕಂಪನಿಯ ಭಾರ್ಗವರಾಯರು

ಎಣ್ಣೆ ಕಂಪನಿಯ ಸಮಾಜಸೇವಾ ಅಧಿಕಾರಿ ಭಾರ್ಗವರಾಯರು ರಿಬ್ಬನ್ ಕತ್ತರಿಸದ ಶಾಲೆ ಸವದತ್ತಿ ತಾಲೂಕಿನಲ್ಲೇ ಇಲ್ಲ. ಮೈಕು ಸಿಕ್ಕರೆ ಸಾಕು, ಸೀಮೆಎಣ್ಣೆಯ ಡಬ್ಬಿಗಳ ಕಾಲದಿಂದ ಕಂಪನಿಯ ಚರಿತ್ರೆ ಶುರುಮಾಡುತ್ತಾರೆ. ಮದುವೆಗೆ ಹೋದರೂ “ಕಂಪನಿ ನಿಮ್ಮ ಬೆನ್ನಿಗೆ ಅದ” ಎಂದೇ ಅಕ್ಷತೆ ಹಾಕುತ್ತಾರೆ. ಮೊನ್ನೆ ಮುನವಳ್ಳಿ ಕಡೆ, ಕಂಪನಿಯ ಡಿಪೋ ಪಕ್ಕದ ಕೇರಿಯಲ್ಲಿ ಭಾಷಣ ಮುಗಿಸಿ ಕುಳಿತವರಿಗೆ ಅದೇ ಕೇರಿಯ ಪದ್ಮವ್ವ ತಮ್ಮ ಬಾವಿಯ ನೀರು ತಂದಳು. ರಾಯರು ಲೋಟ ಮುಟ್ಟಲಿಲ್ಲ. “ನಮ್ಮ ಕೈನೀರು ನಡಿಯಂಗಿಲ್ಲೇನ್ರಿ ಸಾಹೇಬ್ರ?” ಎಂದಳು. ರಾಯರು ಮೆಲ್ಲಗೆ ಹೇಳಿದರು: “ಜಾತಿ ಅಲ್ಲವ್ವಾ. ಈ ಬಾವಿಗೆ ಡಿಪೋದ ಎಣ್ಣಿ ಇಳೀಲಿಕ್ಕೆ ಹತ್ತಿ ಮೂರು ವರ್ಷ ಆತು. ನೀರು ಛಲೋ ಅದ ಅಂತ ಸಹಿ ಹಾಕಿದಾಂವ ನಾನ.” ಪದ್ಮವ್ವ ಒಳಗೆ ಓಡಿಹೋಗಿ ಬಸುರಿ ಸೊಸೆಯ ಕೈಯಿಂದ ತಂಬಿಗೆ ಕಿತ್ತುಕೊಂಡಳು.