ಬೆಳಕಿಂಡಿಯ ಕೆಳಗೆ ತಿಮಿಂಗಿಲ

ನನ್ನ ಮೊಮ್ಮಗಳ ಸುದ್ದಿ ತೆಗೆದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಓಣಿಯ ಹೆಂಗಸರು ಕೇಳಿ ಕೇಳಿ ಸಾಕಾಗಿ, ನಾನು ಕಟ್ಟೆಗೆ ಬಂದು ಕುಳಿತರೆ ಎದ್ದು ಹೋಗುತ್ತಾರೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳ ಬರವಣಿಗೆ ಇದು, ಹೊಂದಿಸಿಕೊಂಡು ಓದಿರಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮೊಮ್ಮಗಳು ಆಗ ಏಳನೆಯ ಇಯತ್ತೆ. ಬಿಸಿಲು ಆಗಷ್ಟೇ ಏರಲು ಸುರುವಾಗಿತ್ತು. ಒಂದು ಬೆಳಿಗ್ಗೆ ಅವಳ ಹೊಟ್ಟೆಯ ಮೇಲೆ ನೀರುಗುಳ್ಳೆ ಎದ್ದವು. ಡಾಕ್ಟರು ನೋಡಿ ಚಿಕನ್‌ಪಾಕ್ಸ್ ಎಂದರು. ಮನೆಗೆ ಬಂದ ಮೇಲೆ ಆ ಮಾತನ್ನು ಯಾರೂ ಬಾಯಿಗೆ ತರಲಿಲ್ಲ. ‘ಅಮ್ಮ ಬಂದಾಳ’ ಎಂದರು, ಬಾಗಿಲಿಗೆ ಬೇವಿನ ತಪ್ಪಲು ಸಿಕ್ಕಿಸಿದರು, ಅಡುಗೆಮನೆಯಲ್ಲಿ ಒಗ್ಗರಣೆ ನಿಂತುಹೋಯಿತು.

ನನಗೆ ಚಿಕ್ಕಂದಿನಲ್ಲೇ ಅದು ಬಂದು ಹೋಗಿತ್ತು. ಹೀಗಾಗಿ ಹುಡುಗಿಯ ಸಂಗಡ ಒಳಗಿನ ಖೋಲಿಯಲ್ಲಿ ಇರುವ ಪಾಳಿ ನನ್ನದಾಯಿತು. ಬೇವಿನ ನೀರು ಹಾಕುವ ದಿನದವರೆಗೆ ಇಬ್ಬರೂ ಹೊಸ್ತಿಲು ದಾಟುವಂತಿಲ್ಲ. ಹೊರಗಿನವರು ಒಳಗೆ ಬರುವಂತಿಲ್ಲ. ಖೋಲಿಯೊಳಗೆ ಹೋದ ವಸ್ತು, ಒಂದು ಸೂಜಿಯೇ ಇರಲಿ, ಹೊರಗೆ ಬರುವಂತಿಲ್ಲ. ಇನ್ನೂ ಒಂದು ಕಟ್ಟಳೆ ಇತ್ತು. ಸೊಸೆ ಬಾಗಿಲ ಆಚೆ ನಿಂತು ನೆನಪು ಮಾಡಿದಳು.

“ಅತ್ತಿ, ಹುಡುಗಿನ್ನ ಹೆಸರ ಹಿಡದ ಕರೀಬ್ಯಾಡ್ರಿ ಮತ್ತ. ತಾಯಿ ಅನ್ರಿ. ಅಮ್ಮ ಸಿಟ್ಟಾಗತಾಳ.”

“ಯವ್ವಾ, ನನಗ ಗೊತ್ತಿಲ್ಲೇನ? ನಿನ್ನ ಗಂಡಗ ಬಂದಾಗ ಇದ ಖೋಲ್ಯಾಗ ನಾನs ಕುಂತಿದ್ದೆ.”

ಮೊಮ್ಮಗಳಿಗೆ ಮೈಯ ತುರಿಕೆಗಿಂತ ಇದೇ ಹೆಚ್ಚು ಚುಚ್ಚಿತು. “ನಾ ಏನ ಮಾಡೇನಿ ಅಂತ ನನ್ನ ಹೆಸರ ಕಸಗೊಂಡ್ರಿ?” ಎಂದು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು.

ಆ ಖೋಲಿ ನನಗೆ ಹೊಸದಲ್ಲ. ಮದುವೆಯಾಗಿ ಕಟಕೋಳದಿಂದ ಬಂದವಳು ಬಾಣಂತನಗಳನ್ನೆಲ್ಲ ಅಲ್ಲೇ ಮುಗಿಸಿದ್ದೇನೆ. ಮಣ್ಣಿನ ದಪ್ಪ ಗೋಡೆ, ಕಿಟಕಿ ಇಲ್ಲ. ಒಂದು ಮೂಲೆಗೆ ಜೋಳದ ಚೀಲ. ಮೇಲೆ ಮಣ್ಣಿನ ಮಾಳಿಗೆ, ಅದರ ನಡುವೆ ಅಂಗೈ ಅಗಲದ ಬೆಳಕಿಂಡಿ. ಬೆಳಿಗ್ಗೆ ಅದರಿಂದ ಇಳಿದ ಬಿಸಿಲ ಬಿಲ್ಲೆ ಗೋಡೆಯ ಮೇಲೆ ಕೂಡುತ್ತಿತ್ತು. ಮಧ್ಯಾಹ್ನ ಹಾಸಿಗೆಗೆ ಬರುತ್ತಿತ್ತು. ಸಂಜೆ ಚೀಲದ ಮೇಲೆ ಹತ್ತಿ ಸಾಯುತ್ತಿತ್ತು. ಹೊರಗೆ ಧಾರವಾಡದ ಬಸ್ಸು ಹಾರ್ನ್ ಹೊಡೆದರೆ ನಮ್ಮಿಬ್ಬರ ಕಿವಿಯೂ ಅತ್ತ ಹೋಗುತ್ತಿತ್ತು. ಒಮ್ಮೊಮ್ಮೆ ನನಗೇ ಎದೆ ಕಟ್ಟಿದಂತಾಗಿ, ಬೆಳಕಿಂಡಿಯ ಕೆಳಗೆ ನಿಂತು ಮುಖ ಎತ್ತಿ ಗಾಳಿ ತೆಗೆದುಕೊಳ್ಳುತ್ತಿದ್ದೆ.

ಎರಡನೆಯ ದಿನ ಹುಡುಗಿ ಬಿಕ್ಕಿ ಬಿಕ್ಕಿ ಅಳತೊಡಗಿದಳು.

“ಯಾಕ ತಾಯಿ? ಉರಿ ಹತ್ತೇತೇನ?”

“ಉರಿ ಅಲ್ಲ ಆಯಿ. ಸವದತ್ತಿ ಸ್ಪರ್ಧಾ!”

ಆಮೇಲೆ ತಿಳಿಯಿತು. ಸವದತ್ತಿಯಲ್ಲಿ ಶಾಲೆ ಶಾಲೆಗಳ ನಡುವೆ ವಿಜ್ಞಾನದ ಪ್ರಶ್ನೋತ್ತರ ಸ್ಪರ್ಧೆ. ಇವರ ಶಾಲೆಯಿಂದ ಇಬ್ಬರು ಹುಡುಗಿಯರು. ಇವಳು ಒಬ್ಬಳು, ನಮ್ಮ ಬಾಜೂ ಮನೆಯ ಟೇಲರ್ ಸಾಹೇಬರ ಮಗಳು ಇನ್ನೊಬ್ಬಳು. ಮಾಸ್ತರರು ಪಾಠವನ್ನು ಎರಡು ಪಾಲು ಮಾಡಿದ್ದರು. ಹಕ್ಕಿ, ಹುಳ ಗೆಳತಿಯ ಪಾಲಿಗೆ. ಸಮುದ್ರದ ಪ್ರಾಣಿ ಇವಳ ಪಾಲಿಗೆ. ಶಾಲೆಯಲ್ಲಿ ಆ ವಿಷಯಕ್ಕೆ ಇದ್ದದ್ದು ಒಂದೇ ಪುಸ್ತಕ. ಅದು ಇವಳ ದಿಂಬಿನ ಕೆಳಗಿತ್ತು. ಅಂದಮೇಲೆ ಅದೂ ನಮ್ಮ ಸಂಗಡ ಸೆರೆ. ಇವಳ ಬದಲಿಗೆ ಬೇರೆ ಹುಡುಗಿಯನ್ನು ಹೆಸರಿಗೆ ಕೂಡಿಸುತ್ತಾರೆ, ಸಮುದ್ರದ ಪ್ರಶ್ನೆ ಬಂದರೆ ಇಬ್ಬರೂ ಬಾಯಿ ಬಿಡುತ್ತಾರೆ, ವರ್ಷವೆಲ್ಲ ಓದಿದ್ದು ಇಲ್ಲೇ ಜೋಳದ ಚೀಲದ ಪಕ್ಕದಲ್ಲಿ ಕೊಳೆಯುತ್ತದೆ. ಇದು ಅವಳ ಸಂಕಟ.

ಸಮಾಧಾನ ಮಾಡೋಣವೆಂದು ನಾನು, “ಅಳಬ್ಯಾಡ, ಅದೇನ ಓದೀಯೋ ನನಗ ಹೇಳ” ಎಂದೆ. ಅವಳು ಪುಸ್ತಕ ತೆರೆದು ಚಿತ್ರ ತೋರಿಸಿದಳು.

“ಎಷ್ಟ ದೊಡ್ಡ ಮೀನವಾ!”

“ಮೀನಲ್ಲ ಆಯಿ. ತಿಮಿಂಗಿಲ. ಸಸ್ತನಿ. ಮರಿಗೆ ಹಾಲ ಕುಡಸ್ತೈತಿ.”

“ನೀರಾಗ ಇರತೈತಿ, ಈಸತೈತಿ, ಮತ್ತ ಮೀನಲ್ಲ ಅಂದ್ರ? ನಾ ಕಟಕೋಳದಾಕಿ, ಈ ಮನಿಗೆ ಬಂದ ಮ್ಯಾಲೆ ಈ ಮನಿಯಾಕಿ ಆಗಲಿಲ್ಲೇನ? ಹಂಗ ಅದೂ ನೀರಿಗೆ ಬಂತು, ನೀರಿನ ಮನಿದಾತು.”

“ನೀರಾಗ ಇದ್ರೂ ಅದಕ್ಕ ನೀರಿನ ಉಸಿರ ಆಗೂದಿಲ್ಲ. ಮ್ಯಾಲೆ ಬಂದ ಗಾಳಿನs ತಗೋಬೇಕು. ನೆತ್ತಿ ಮ್ಯಾಲೆ ತೂತ ಇರತೈತಿ ನೋಡ.”

ಇಬ್ಬರೂ ಒಂದೇ ಸಲ ಬೆಳಕಿಂಡಿ ನೋಡಿದೆವು. ಅಷ್ಟರಲ್ಲಿ ಅದು ಕಪ್ಪಾಯಿತು. ಮೇಲಿನಿಂದ ಒಂದು ಮುಖ ಬಗ್ಗಿ ನೋಡುತ್ತಿತ್ತು.

“ಆಯೀ, ನಾನ್ರಿ! ಆಕಿ ಹೆಂಗದಾಳ್ರಿ?” ಟೇಲರ್ ಸಾಹೇಬರ ಮಗಳು! ಅವರ ಮಾಳಿಗೆ ನಮ್ಮ ಮಾಳಿಗೆ ಕೂಡಿಯೇ ಇದ್ದವು. ಒಳಗೆ ಬರಬಾರದು ಎಂದಿದ್ದರು, ಮೇಲೆ ಬರಬಾರದೆಂದು ಯಾರೂ ಹೇಳಿರಲಿಲ್ಲ.

ಅಂದಿನಿಂದ ನಮ್ಮ ಖೋಲಿ ಶಾಲೆಯಾಯಿತು. ಶಾಲೆ ಬಿಟ್ಟೊಡನೆ ಅವಳು ಮಾಳಿಗೆಯ ಮೇಲೆ ಬೋರಲು ಮಲಗುವಳು, ಇವಳು ಕೆಳಗಿನಿಂದ ಪುಸ್ತಕ ಓದಿ ಒದರುವಳು. ತಿಮಿಂಗಿಲದಲ್ಲಿ ದೊಡ್ಡ ಪಾಲು ಎರಡಂತೆ. ಒಂದಕ್ಕೆ ಹಲ್ಲು, ಇನ್ನೊಂದಕ್ಕೆ ಹಲ್ಲಿನ ಬದಲು ಸಾಣಿಗೆಯಂಥದ್ದು. ನೀರು ಸೋಸಿ ಸಣ್ಣ ಹುಳ ತಿನ್ನುತ್ತದೆ. ಲೋಕದಲ್ಲೇ ದೊಡ್ಡದಾದ ನೀಲಿ ತಿಮಿಂಗಿಲ ಸಾಣಿಗೆಯದು. ಡಾಲ್ಫಿನ್ ಮನೆತನ ಹಲ್ಲಿನ ಪಾಲಿನೊಳಗೆ ಬರುತ್ತದೆ. ಅಲ್ಲಿಯವರೆಗೆ ಮೇಲಿನವಳಿಗೆ ಸಲೀಸು. ಆಮೇಲೆ ಹೆಸರಿನ ಗೊಂದಲ ಬಂತು.

“ಹಂತಕ ತಿಮಿಂಗಿಲ ಯಾವ ಕುಟುಂಬ?” ಎಂದು ಕೆಳಗಿನವಳು ಕೇಳುವಳು.

“ತಿಮಿಂಗಿಲ!”

“ಅಲ್ಲಲೇ, ಡಾಲ್ಫಿನ್ ಅಂತ ನಿನ್ನೆ ಹೇಳೀನಿ! ತಿಮಿಂಗಿಲ ಶಾರ್ಕ್?”

“ಅದಂತೂ ತಿಮಿಂಗಿಲ.”

“ಅದು ಖರೇ ಮೀನ!”

“ಹೆಸರಿಟ್ಟವರಿಗೆ ಬುದ್ಧಿ ಇಲ್ಲೇನ ಮತ್ತ? ನಾ ಒಲ್ಲೆ, ನನ್ನ ಹುಳಾನs ಛಲೋ!” ಮೇಲಿನ ಮುಖ ಸರಿದುಹೋಯಿತು.

ದಿನವೂ ಇದೇ ಪಾಡು. ಸ್ಪರ್ಧೆ ಹತ್ತಿರ ಬಂತು. ನನ್ನ ಕೂಸು ತಲೆ ಚಚ್ಚಿಕೊಂಡು ಅತ್ತಳು. ತಡೆಯಲಾರದೆ ನಾನೇ ಬೆಳಕಿಂಡಿಯ ಕೆಳಗೆ ನಿಂತು ಕೂಗಿದೆ.

“ಏ ಹುಡುಗಿ, ಬಾ ಇಲ್ಲೆ. ನನ್ನ ಉಗರಗೋಳದ ವರನ ಕತಿ ಕೇಳೀಯೇನ?”

ಮುಖ ಮರಳಿ ಬಂತು. “ಯಾವ ವರಾರಿ ಆಯಿ? ಅಜ್ಜಾರಿಗೆ ಗೊತ್ತೈತೇನ್ರಿ?”

ನನಗೆ ಮೊದಲು ನೋಡಲು ಬಂದಿದ್ದವನು ಉಗರಗೋಳದ ಹುಡುಗ. ನಮ್ಮ ಮನೆಯನ್ನು ಊರು ಕಲ್ಲಬಾಗಿಲದವರು ಎನ್ನುತ್ತಿತ್ತು, ಅವರ ಮನೆಯನ್ನು ಹುಣಸೆಗಿಡದವರು. ಹೆಸರು ಬೇರೆ, ಊರು ಬೇರೆ. ಎಲ್ಲರೂ ಒಪ್ಪಿ ಅವಲಕ್ಕಿ ತಿಂದರು. ಚಹಾ ಬಂದ ಮೇಲೆ ನಮ್ಮ ದೊಡ್ಡಪ್ಪ, ಇದೂ ಒಂದಿರಲಿ ಎಂದು ಬೆಡಗು ಕೇಳಿದ. ಬೆಡಗು ಎಂದರೆ ನಮ್ಮಲ್ಲಿ ಮೂಲದ ಬಳ್ಳಿ. ಅದು ಒಂದೇ ಆದರೆ ಅಣ್ಣ ತಂಗಿ. ನೋಡಿದರೆ ಇಬ್ಬರದೂ ಒಂದೇ ಬೆಡಗು! ಚಹಾ ಆರುವುದರೊಳಗೆ ವರ ಹೋಗಿ ಅಣ್ಣನಾದ. ಈಗಲೂ ಪಂಚಮಿಗೆ ಉಂಡಿ ಕಟ್ಟಿಸಿಕೊಂಡು ಬರುತ್ತಾನೆ.

“ಊರು ಏನರ ಕರೀಲಿ, ಬೆಡಗ ಕೇಳಬೇಕು. ಆ ಹಂತಕಂದು ಮನಿ ಹೆಸರ ತಿಮಿಂಗಿಲ, ಬೆಡಗ ಡಾಲ್ಫಿನ್. ಆ ಶಾರ್ಕಂತೂ ಹೆಸರs ತಿಮಿಂಗಿಲ, ಬೆಡಗ ಮೀನಿಂದು. ತಿಳೀತ?”

ಮೇಲೆ ನಗುವೇ ನಗು. “ನಮ್ಮ ಮನ್ಯಾಗ ಕಾಕಾನ ಮಗನ್ನs ಮದಿವಿ ಆಗತಾರ್ರಿ ಆಯಿ. ನಮ್ಮಲ್ಲಿ ಹುಟ್ಟಿದ್ರ ನಿಮಗ ಉಗರಗೋಳದ ವರ ತಪ್ಪತಿರಲಿಲ್ಲ!”

“ಸುಮ್ಮನಿರ ಖೋಡಿ! ಈಗ ಹೇಳ, ಹಂತಕ ತಿಮಿಂಗಿಲ?”

“ಉಗರಗೋಳದ ವರ! ಡಾಲ್ಫಿನ್!”

ನನ್ನ ಮೊಮ್ಮಗಳು ಆ ಗುಳ್ಳೆಗಳ ಮುಖದಲ್ಲೇ ನಕ್ಕಳು. ಖೋಲಿ ಹೊಕ್ಕ ಮೇಲೆ ಮೊದಲ ನಗು ಅದು.

ಸ್ಪರ್ಧೆಯ ದಿನ ಮಾಳಿಗೆಯ ಮೇಲೆ ಹೆಜ್ಜೆಯ ಸಪ್ಪಳ ಇಲ್ಲ. ಬಸ್ಸಿನ ಹಾರ್ನ್ ಕೇಳಿ, “ಅದರಾಗs ಹೋದ್ರ ಕಾಣತೈತಿ” ಎಂದು ಹುಡುಗಿ ಎದ್ದು ಕುಳಿತಳು. ಗಂಜಿ ಒಲ್ಲೆ ಎಂದಳು. ಗುಳ್ಳೆಗಳು ಒಣಗಿ ಹೊಪ್ಪಳೆ ಆಗಿದ್ದವು, ಆದರೆ ನೀರು ಹಾಕಲು ಹಿರಿಯರು ಮಂಗಳವಾರ ಬರಲಿ ಎಂದಿದ್ದರು. ಬಿಸಿಲ ಬಿಲ್ಲೆ ಗೋಡೆ ಬಿಟ್ಟು ಹಾಸಿಗೆಗೆ ಬರಲು ಅಂದು ಎಷ್ಟು ಹೊತ್ತು ಮಾಡಿತು! ಬಂದದ್ದು ಅಲ್ಲೇ ಕುಳಿತುಬಿಟ್ಟಿತು. ಅವಳು ಅದರೊಳಗೆ ಕೈ ಇಟ್ಟಳು, ತೆಗೆದಳು.

“ಆಯಿ, ಆಕಿ ಮರತರ?”

“ಮರಿಯೂದಿಲ್ಲ ತಾಯಿ.”

“ನನಗ ತಾಯಿ ಅನಬ್ಯಾಡ.”

ನನ್ನ ನಾಲಿಗೆಯ ತುದಿಗೆ ಅವಳ ಹೆಸರು ಬಂತು. ನುಂಗಿಕೊಂಡೆ. ಹುಡುಗಿಗೆ ಏನಾದರೂ ಆದರೆ ಎಂಬ ಅಂಜಿಕೆ, ಮತ್ತೇನಲ್ಲ.

ಬಿಲ್ಲೆ ಚೀಲದ ಮೇಲೆ ಹತ್ತಿ ಆರಿಹೋದ ಮೇಲೆ ಮಾಳಿಗೆ ದಡದಡ ಎಂದಿತು. ಮಣ್ಣು ಉದುರಿ ನನ್ನ ಕಣ್ಣಿಗೆ ಬಿತ್ತು.

“ಕೇಳಿದ್ರವಾ! ಅದನ್ನs ಕೇಳಿದ್ರು!” ಅವಳಿಗೆ ಏದುಸಿರು. “ಹಂತಕ ತಿಮಿಂಗಿಲ ಯಾವ ಕುಟುಂಬದ್ದು ಅಂದ್ರು. ರಾಮದುರ್ಗದವರು ತಿಮಿಂಗಿಲ ಅಂದ್ರು, ಕಿತ್ತೂರವರೂ ತಿಮಿಂಗಿಲ ಅಂದ್ರು. ನಿನ್ನ ಬದಲಿ ಕುಂತಾಕಿ ‘ಹೆಸರಿನ್ಯಾಗs ಐತಲ್ಲ, ತಿಮಿಂಗಿಲ ಅನ್ನ’ ಅಂತ ಚೂಟಿದ್ಲು. ನನಗ ಉಗರಗೋಳದ ವರ ನೆನಪಾಗಿ ನಗು ಬಂತು. ಮಾಸ್ತರ್ರು ಯಾಕ ನಗತಿ ಅಂದ್ರು. ಡಾಲ್ಫಿನ್ರಿ ಅಂದೆ!”

“ಮತ್ತ?” ನನ್ನ ಕೂಸಿನ ದನಿ ಕೇಳಿಸದಷ್ಟು ಸಣ್ಣಗಿತ್ತು.

“ಎರಡನೇ ನಂಬರ ಬಂತು! ಹುಳದಾಗ ನಾನs ಒಂದ ತಪ್ಪಿದೆ. ಸಮುದ್ರದಾಗ ಒಂದೂ ತಪ್ಪಿಲ್ಲಲೇ, ನಿಂದು ಒಂದೂ ತಪ್ಪಿಲ್ಲ! ವೇದಿಕಿ ಮ್ಯಾಲೆ ನಮ್ಮ ಮಾಸ್ತರ್ರು, ಕಲಸಿದಾಕಿ ಮನ್ಯಾಗ ಮಲಗ್ಯಾಳ ಅಂತ ನಿನ್ನ ಹೆಸರ ಹೇಳಿದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು.”

ಅದನ್ನು ಕೇಳಿದ ಮೇಲೆ ನನಗೆ ನನ್ನ ಮೇಲೆ ಹಿಡಿತ ಉಳಿಯಲಿಲ್ಲ. ಸವದತ್ತಿಯ ಮಂದಿಯೆಲ್ಲ ಕೇಳಿದ ಹೆಸರು, ಅವಳು ಹುಟ್ಟಿದಾಗ ನಾನೇ ತೊಟ್ಟಿಲ ಹತ್ತಿರ ಕಿವಿಯಲ್ಲಿ ಹೇಳಿದ ಹೆಸರು! ಅದನ್ನು ಹಿಡಿದು, ಓಣಿಯ ಕೊನೆಗೆ ಕೇಳುವಂತೆ ಕೂಗಿದೆ.

ಬಾಗಿಲ ಆಚೆ ಪಾತ್ರೆ ಬಿದ್ದ ಸಪ್ಪಳ. “ಅಯ್ಯ ಅತ್ತೀ! ಹೆಸರ ಹಿಡದ ಕರದ್ರಲ್ರಿ!” ಎಂದು ಸೊಸೆ ಬಾಯಿ ಬಡಿದುಕೊಂಡಳು.

ಬೇವಿನ ತಪ್ಪಲಿಗೆ ಕೈ ಮುಗಿದೆ, ಕೆನ್ನೆ ತಟ್ಟಿಕೊಂಡೆ. ಕತ್ತಲಲ್ಲಿ ಹುಡುಗಿಯ ಮುಖ ಕಾಣಲಿಲ್ಲ.

ಆಮೇಲೆ ಹಾಸಿಗೆಯಿಂದ, ಶಾಲೆಯಲ್ಲಿ ಹಾಜರಿ ಕೂಗಿದಾಗ ಹೇಳುವಷ್ಟೇ ಗಟ್ಟಿಯಾಗಿ, “ಓ” ಎಂದಳು.