ತೆನೆ ಹಬ್ಬದ ದಿನ ಕುದ್ರುವಿನಲ್ಲಿ

ಹೆಂಡತಿಯ ತವರಿನವರನ್ನು ನಾನು ಮನುಷ್ಯರೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ.

ಅವರದು ಸುರತ್ಕಲ್ಲಿನಲ್ಲಿ ಬಸ್ಸಿಳಿದು ಎರಡು ಮೈಲು ಒಳಗೆ ನಡೆದರೆ ಸಿಗುವ ಗದ್ದೆ ಬದಿಯ ಮನೆ. ಅವರೂ ನಮ್ಮ ಹಾಗೆ ಕೊಂಕಣಿ ಮಾತಾಡುವ ಕ್ರೈಸ್ತರೇ. ಆದರೆ ನಾನು ಎಸ್ಸೆಸ್ಸೆಲ್ಸಿ ಪಾಸಾದವನು, ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ, ಮಂಗಳೂರಿನ ಫಳ್ನೀರಿನಲ್ಲಿ ಬಾಡಿಗೆ ಮನೆ, ಕೈಯಲ್ಲಿ ಗಡಿಯಾರ. ಮಾವ ಸಹಿ ಹಾಕುವಾಗ ನಾಲಗೆ ಹೊರಗೆ ಬರುತ್ತಿತ್ತು. ಅವಳ ಅಣ್ಣ ಊಟದ ಮಧ್ಯೆ ಎತ್ತಿನ ಹೊಟ್ಟೆ ಕೆಟ್ಟ ಕತೆ ಹೇಳುತ್ತಿದ್ದ. ಅವನನ್ನು ನೆನೆದರೆ ಈಗಲೂ ನನಗೆ ಅಷ್ಟೇನೂ ಪ್ರೀತಿ ಉಕ್ಕುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಅಲ್ಲಿಗೆ ಹೋಗಿ ಬಂದ ಮೇಲೆ ಬೇಯಿಸಿದ ಭತ್ತದ ವಾಸನೆ ಹೋಗಲಿ ಎಂದು ಶರ್ಟನ್ನು ಎರಡು ಸಲ ಒಗೆಸುತ್ತಿದ್ದೆ. ಒಗೆಯುತ್ತಿದ್ದವಳು ಅವಳೇ.

ಮದುವೆಯಾದ ಮೇಲೆ ಎರಡು ತೆನೆ ಹಬ್ಬಗಳನ್ನು ಆಫೀಸಿನ ನೆಪ ಹೇಳಿ ತಪ್ಪಿಸಿದ್ದೆ. ನಮ್ಮವರಲ್ಲಿ ಆ ದಿನ ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಅಕ್ಕಿಯನ್ನು ತೆಂಗಿನ ಹಾಲಿಗೆ ಹಾಕಿ, ಮನೆಯ ಹಿರಿಯ ಪ್ರತಿಯೊಬ್ಬರಿಗೂ ತನ್ನ ಕೈಯಾರೆ ಕೊಡಬೇಕು. ಆಮೇಲೆಯೇ ಊಟ. ಮೀನಿಲ್ಲ, ಮಾಂಸವಿಲ್ಲ, ಬರೀ ಕೆಸುವಿನ ದಂಟು, ಹೀರೆ, ಬೆಂಡೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಆ ವರ್ಷ ಮಳೆಗಾಲದ ಶುರುವಿನಲ್ಲಿ ಮಾವನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿತ್ತು. ಇನ್ನೊಂದು ಬೆಳೆ ಕಾಣುವುದು ಕಷ್ಟ ಎಂದು ಡಾಕ್ಟರು ಅವಳ ಎದುರಿಗೇ ಹೇಳಿದ್ದರು.

"ಈ ಸಲ ಪಪ್ಪನ ಕೈಯಿಂದ ಹೊಸ ಅಕ್ಕಿ ತಿನ್ನಬೇಕು. ಅವರ ಪಕ್ಕ ಕೂತು ಊಟ ಮಾಡಬೇಕು. ಬೇರೆ ಎಂತದೂ ಕೇಳುವುದಿಲ್ಲ ನಿಮ್ಮ ಹತ್ತಿರ," ಅಂದಳು.

ಇಲ್ಲ ಎನ್ನಲು ನನಗೆ ಧೈರ್ಯ ಇರಲಿಲ್ಲ. ಅದಕ್ಕೇ ಕುದ್ರುವಿಗೆ ಹೋಗುವ ಉಪಾಯ ಹೊಳೆಯಿತು. ಆಫೀಸಿಗೆ ಹಳತಾಗಿ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಗಳಲ್ಲಿ ಗಂಡ ಹೆಂಡತಿ ಬುಟ್ಟಿ ಹಿಡಿದು ದ್ವೀಪಕ್ಕೆ ಹೋಗಿ ಹುಲ್ಲಿನ ಮೇಲೆ ಒರಗಿ ನಗುವ ಚಿತ್ರಗಳಿರುತ್ತಿದ್ದವು. ಕೂಳೂರಿನ ಹೊಳೆಯ ನಡುವಿನ ಒಂದು ಪುಟ್ಟ ಕುದ್ರುವಿನಲ್ಲಿ ನಮ್ಮ ಆಫೀಸಿನವನೊಬ್ಬನಿಗೆ ತೆಂಗಿನ ತೋಟ ಇತ್ತು. ದಾರಿಯಲ್ಲೇ ಉಂಟು, ಎರಡು ಗಂಟೆ ಕೂತು ಹೋಗುವ ಎಂದೆ. ಮದುವೆಯಾದಂದಿನಿಂದ ನಾನು ಅವಳನ್ನು ಎಲ್ಲಿಗೂ ಕರೆದುಕೊಂಡು ಹೋದವನಲ್ಲ. ಅವಳು ಸ್ವಲ್ಪ ನಾಚಿದಳು ಕೂಡ.

ಇಗರ್ಜಿಯಲ್ಲಿ ಬೆಳಗಿನ ಪೂಜೆ ಮುಗಿಸಿ ಕೂಳೂರಿಗೆ ಬಸ್ಸು ಹಿಡಿದೆವು. ದೋಣಿ ಕಡವಿನಲ್ಲಿ ಇದ್ದದ್ದು ಒಬ್ಬ ಮುದುಕ ಅಂಬಿಗ.

"ಎಂತ ಪೊರ್ಬುಗಳೇ, ಹಬ್ಬದ ದಿನ ಕುದ್ರುವಿಗೆ? ಕಾಯಿ ಎಣಿಸ್ಲಿಕ್ಕುಂಟಾ?" ನಮ್ಮ ಜಾತಿಯವರನ್ನು ತುಳುವರು ಕರೆಯುವುದೇ ಹಾಗೆ.

"ಗಾಳಿ ತಿನ್ನಲಿಕ್ಕೆ," ಎಂದೆ ಗತ್ತಿನಿಂದ.

"ಗಾಳಿ ಈ ದಡದಲ್ಲೂ ಉಂಟಲ್ಲ ಮಾರಾಯ್ರೆ, ಪುಕ್ಕಟೆ!"

ಅವಳು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಕುದ್ರುವಿನಲ್ಲಿ ಇಳಿಯುವಾಗ ಅವಳು ಅವನಿಗೆ, "ಅಣ್ಣಾ, ಹತ್ತೂವರೆಗೆ ಬನ್ನಿ ಆಯ್ತಾ. ಹನ್ನೆರಡಕ್ಕೆ ನಾನು ಪಪ್ಪನ ಹತ್ತಿರ ಇರಬೇಕು," ಎಂದು ಹೇಳಿ ಮೇಲೆ ಹತ್ತಿದಳು.

ನಾನು ಹಿಂದೆ ಉಳಿದು ಮೆಲ್ಲಗೆ, "ಮೂರಕ್ಕೆ ಬಂದರೆ ಸಾಕು," ಎಂದೆ.

"ಬಾಯಮ್ಮ ಹತ್ತೂವರೆ ಅಂದ್ರಲ್ಲ? ಇವತ್ತು ನಿಮಗೆ ಹೊಸ ಅಕ್ಕಿ ಅಲ್ವಾ?"

"ಬಾಡಿಗೆ ಕೊಡುವವನು ನಾನಾ, ಅವಳಾ?"

ಅವನು ಎಲೆಯಡಿಕೆಯನ್ನು ಹೊಳೆಗೆ ಉಗಿದು ಹುಟ್ಟು ಹಾಕಿದ. ನನ್ನ ಲೆಕ್ಕ ಸರಳವಾಗಿತ್ತು. ಮಾವನ ಮನೆಯವರು ಹನ್ನೆರಡಕ್ಕೆ ತಿಂದು ಮುಗಿಸಿರುತ್ತಾರೆ. ಆ ನೆಲದ ಮೇಲೆ ಚಕ್ಕಳಮಕ್ಕಳ ಕೂತು ದಂಟು ಜಗಿಯುವ ಸಂಕಟ ನನಗೆ ತಪ್ಪುತ್ತದೆ. ಸಂಜೆ ಒಂದು ಕಾಫಿ ಕುಡಿದು ಎದ್ದು ಬರಬಹುದು.

ಪತ್ರಿಕೆಯ ಹುಲ್ಲು ಅಲ್ಲಿ ಇರಲಿಲ್ಲ. ಕೊಳೆತ ತೆಂಗಿನ ಮಡಲು, ಏಡಿಯ ತೂತು, ಹಗಲಿನಲ್ಲೂ ಕಚ್ಚುವ ನುಸಿ. ಹಳೆ ಪೇಪರು ಹಾಸಿ ಕೂತರೆ ಐದು ನಿಮಿಷದಲ್ಲಿ ಒದ್ದೆ. ಪ್ಯಾಂಟಿನ ಹಿಂಭಾಗದಲ್ಲಿ ಅಕ್ಷರಗಳನ್ನು ಅಚ್ಚು ಹಾಕಿಸಿಕೊಂಡು, ಬ್ರೆಡ್ಡು, ಬೇಯಿಸಿದ ಮೊಟ್ಟೆ ಹರಡಿಕೊಂಡು, ನಾನು ದೊರೆಯ ಹಾಗೆ ಒರಗಿದ್ದೆ. ಅಂದಿನ ನಾನೆಂಬ ಆ ಮನುಷ್ಯ ಈಗ ನನ್ನ ಬಾಗಿಲಿಗೆ ಬಂದರೆ ನೀರು ಕೂಡ ಕೊಡಲಾರೆ. ಅವಳು ಒಂದು ಚೂರು ಬ್ರೆಡ್ಡು ಮುರಿದದ್ದು ಬಿಟ್ಟರೆ ಏನೂ ಮುಟ್ಟಲಿಲ್ಲ. ಅಪ್ಪನ ಹೆಗಲಿಗೆಂದು ತಂದ ಹೊಸ ಬೈರಾಸನ್ನು ತೊಡೆಯ ಮೇಲೆ ಇಟ್ಟುಕೊಂಡು ದಡ ನೋಡುತ್ತಿದ್ದಳು.

"ಗಂಟೆ ಎಷ್ಟಾಯ್ತು?"

"ಹತ್ತು ಆಗಿಲ್ಲ." ಆಗ ಹನ್ನೊಂದು ದಾಟಿತ್ತು.

ಗಡಿಯಾರ ಇದ್ದದ್ದು ನನ್ನ ಕೈಯಲ್ಲಿ. ಆದರೆ ಗದ್ದೆಯಲ್ಲಿ ಬೆಳೆದವಳಿಗೆ ಮೋಡದ ಹಿಂದಿನ ಬಿಸಿಲೂ ಸಮಯ ಹೇಳುತ್ತದೆ ಎಂಬುದು ನನ್ನ ಎಸ್ಸೆಸ್ಸೆಲ್ಸಿಗೆ ಗೊತ್ತಿರಲಿಲ್ಲ. ಅವಳು ಎದ್ದು ನೀರಿನ ಅಂಚಿಗೆ ಹೋದಳು. "ಅಂಬಿಗ ಮರೆತಿರಬೇಕು, ಈ ಜನರೇ ಹೀಗೆ," ಎಂದೆ, ಹತ್ತು ಆಗಿಲ್ಲ ಎಂದದ್ದನ್ನು ನಾನೇ ಮರೆತು. ಹಂಚಿಗೆ ಜೇಡಿಮಣ್ಣು ಸಾಗಿಸುವ ದೋಣಿಯೊಂದು ಬರುತ್ತಿತ್ತು. ಹಬ್ಬದ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ನೀರಿಗಿಳಿದು, ಕೈಬೀಸಿ ಕೂಗಿದಳು.

"ನಾಚಿಕೆ ಇಲ್ವಾ ನಿನಗೆ? ಮಣ್ಣಿನ ದೋಣಿ ಅದು! ನಮ್ಮ ಕಾರ್ಖಾನೆಯದ್ದು, ಅವರಿಗೆ ನನ್ನ ಗುರುತುಂಟು!"

"ಗುರುತಿನವರಾದ್ರೆ ಒಳ್ಳೇದೇ ಆಯ್ತು."

ದೋಣಿಯವರು ಅವಳನ್ನು ಕೈಹಿಡಿದು ಮಣ್ಣಿನ ರಾಶಿಯ ಮೇಲೆ ಕೂರಿಸಿದರು. ಒಬ್ಬ ನನ್ನ ಕಡೆ ತಿರುಗಿ, "ರೈಟರ್ರೇ, ನೀವೂ ಹತ್ತಿ! ಮೈಗೆ ಹೆಚ್ಚು ಮಣ್ಣಾದ್ರೆ ನಿಮ್ಮನ್ನೂ ಒಲೆಗೆ ಹಾಕಿ ಹಂಚು ಮಾಡುವ!" ಎಂದ. ಎಲ್ಲ ನಕ್ಕರು. ನಾನು ಹತ್ತಲಿಲ್ಲ. ಗುಮಾಸ್ತ ಜೇಡಿಮಣ್ಣಿನ ಮೇಲೆ ಕೂರುವುದೆಂದರೇನು! ಅವಳು ಹೋದ ಮೇಲೆ ನಾಲ್ಕೂ ಮೊಟ್ಟೆ ನಾನೇ ತಿಂದೆ.

ಮೂರಕ್ಕೆ ಮುದುಕ ಬಂದ. ನಡುಹೊಳೆಗೆ ಬಂದ ಮೇಲೆ, "ಬಾಯಮ್ಮ ಕಡವಿನಲ್ಲಿ ಸಿಕ್ಕಿ, ಯಾಕೆ ಬರ್ಲಿಲ್ಲ ಅಂತ ಕೇಳಿದ್ರು. ನಾನು ಸುಳ್ಳು ಹೇಳ್ಲಿಲ್ಲ ಪೊರ್ಬುಗಳೇ," ಎಂದ.

ಮಾವನ ಮನೆ ಮುಟ್ಟುವಾಗ ಐದು ಗಂಟೆ. ಊಟ ಮುಗಿದು ಎಲ್ಲರೂ ಮಲಗಿರುತ್ತಾರೆ ಎಂದುಕೊಂಡು ಅಂಗಳಕ್ಕೆ ಕಾಲಿಟ್ಟರೆ ಚಾವಡಿಯಲ್ಲಿ ಬಾಳೆಲೆಗಳು ಹಾಸಿದಲ್ಲೇ ಬಾಡಿ ಸುರುಟಿಕೊಂಡಿದ್ದವು. ಯಾರೂ ತಿಂದಿರಲಿಲ್ಲ. ಅಣ್ಣನ ಮಕ್ಕಳು ಅತ್ತು ಸುಸ್ತಾಗಿ ಚಾಪೆಯ ಮೇಲೆ ಬಿದ್ದಿದ್ದವು. ಮಾವ ಬೆಳಿಗ್ಗೆ ಪಾದ್ರಿಗಳು ತಂದ ಪರಮಪ್ರಸಾದ ಸ್ವೀಕರಿಸಿದ ಮೇಲೆ ಗಂಜಿಯನ್ನೂ ಮುಟ್ಟದೆ ಬೆತ್ತದ ಕುರ್ಚಿಯಲ್ಲಿ ಒಂದು ಬದಿಗೆ ವಾಲಿ ಕೂತಿದ್ದರು.

"ಅಳಿಯಂದಿರು ಬಂದ್ರಾ?" ಅಂದರು. ನಾಲಗೆ ತೊದಲುತ್ತಿತ್ತು. "ಇನ್ನು ತನ್ನಿ."

ನನ್ನ ಮನೆಯಲ್ಲಿ ತಡವಾದವರ ಪಾಲು ತೆಗೆದಿಟ್ಟು ತಿನ್ನುತ್ತಿದ್ದರು. ಈ ಮನೆಯಲ್ಲಿ ದಾರಿಯಲ್ಲಿರುವವನನ್ನು ಬಿಟ್ಟು ಹೊಸ ಅಕ್ಕಿ ಮುಟ್ಟುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳುವಷ್ಟು ಅವರನ್ನು ಯಾವತ್ತು ಕಣ್ಣೆತ್ತಿ ನೋಡಿದ್ದೆ?

"ದೋಣಿಯವನು ಹೇಳಿದ ಹೊತ್ತಿಗೆ ಬರಲೇ ಇಲ್ಲ ಮಾವ," ಎಂದೆ. ಸೆರಗಿನಲ್ಲಿ ಒಣಗಿದ ಮಣ್ಣಿನೊಂದಿಗೆ ಅವಳು ಅಲ್ಲೇ ನಿಂತಿದ್ದಳು.

"ಪಾಪ, ಅವನಿಗೆ ಎಂತ ತಾಪತ್ರಯವೋ," ಅಂದರು ಮಾವ.

ಬಲಗೈಯಿಂದ ಚಮಚ ಎತ್ತಿ ಎಲ್ಲರಿಗೂ ಕೊಟ್ಟರು. ಚಮಚ ನಡುಗಿ ಅರ್ಧ ಹಾಲು ನೆಲಕ್ಕೆ ಬೀಳುತ್ತಿತ್ತು. ಅವಳ ಬಾಯಿಗೆ ಇಟ್ಟಾಗ ಅವಳು ಅವರ ಮಣಿಕಟ್ಟು ಹಿಡಿದುಕೊಂಡಳು. ಅಷ್ಟೇ. ಎಲೆಗಳಿಗೆ ಅನ್ನ ಬೀಳುವಷ್ಟರಲ್ಲಿ ದಣಿವಿಗೆ ಅವರ ತಲೆ ಎದೆಗೆ ಜಾರಿತು. ಎತ್ತಿಕೊಂಡು ಹೋಗಿ ಮಲಗಿಸಿದರು. ಊಟಕ್ಕೆ ಅವರ ಪಕ್ಕ ಕೂರಬೇಕೆಂದಿದ್ದವಳು ಖಾಲಿ ಎಲೆಯ ಪಕ್ಕ ಕೂತು ಉಂಡಳು. ಮುಂದಿನ ಬೆಳೆಗೆ ಮಾವ ಇರಲಿಲ್ಲ.

ಪಾಪನಿವೇದನೆಯಲ್ಲಿ ನಾನು ಹೇಳಿದ್ದು ಇಷ್ಟೇ: ಒಂದು ಸುಳ್ಳು ಹೇಳಿದೆ. ಎಷ್ಟು ಸಲ ಎಂದು ಪಾದ್ರಿಗಳು ಕೇಳಿದರು. ಒಂದೇ ಸಲ ಎಂದೆ. ಮೂರು 'ನಮೋ ಮರಿಯಾ' ಹೇಳಲು ಕೊಟ್ಟರು. ಅಷ್ಟಕ್ಕೇ ಹಗುರಾಗಿ ಮನೆಗೆ ಬಂದ ನೀಚ ನಾನು.

ಹಬ್ಬದ ಮರುದಿನ ಬಸ್ಸಿಗೆಂದು ಗದ್ದೆಯ ಬದುವಿನಲ್ಲಿ ನಡೆಯುವಾಗ ಅವಳು ಮುಂದೆ, ನಾನು ಹಿಂದೆ. ದೋಣಿಯ ಮಾತು ಎತ್ತುತ್ತಾಳೆ, ಅಳುತ್ತಾಳೆ, ಜಗಳ ಮಾಡುತ್ತಾಳೆ ಎಂದು ಉತ್ತರಗಳನ್ನು ಜೋಡಿಸಿಕೊಂಡಿದ್ದೆ. ಅವಳು ನಿಲ್ಲದೆಯೇ ಹೇಳಿದಳು:

"ನಿಮ್ಮ ಪಾಲು ತೆಗೆದಿಟ್ಟು ನಾವು ಉಣ್ಣುವ ಅಂತ ನಾನು ನಾಲ್ಕು ಸಲ ಹೇಳಿದೆ. ಪಪ್ಪ ಕೇಳಲಿಲ್ಲ. ನಿಮಗೋಸ್ಕರ ಕಾದದ್ದು ಅವರು. ನಾನಲ್ಲ."